ಮೀಟರಿನ ಮೇಲೆ ಅಮ್ಮನ ಬೊಟ್ಟು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ವೈರ್ ಕೀಳ್ತಾಳೆ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎರಡು ಸಾವಿರದ ಈಚಿನ ಆ ವರ್ಷಗಳಲ್ಲಿ ನಾನು ಕಾರುಗಳ ಎಲೆಕ್ಟ್ರಾನಿಕ್ಸನ್ನು ಪರೀಕ್ಷೆ ಮಾಡುವ ಒಂದು ಕಂಪನಿಯಲ್ಲಿದ್ದೆ. ಬೆಳಿಗ್ಗೆ ಚಾಮರಾಜಪೇಟೆಯಲ್ಲಿ ಕಂಪನಿಯ ಬಸ್ಸು ಹತ್ತುವುದು, ಇಡೀ ಒಂದು ಕಾರಿನ ಕರುಳನ್ನು ಬಿಚ್ಚಿ ಹರಡಿದಂತಿದ್ದ ಮೇಜಿನ ಮುಂದೆ ಕೂರುವುದು, ಒಂದೊಂದೇ ವೈರು ಕೀಳುವುದು, ಕೆಲವನ್ನು ಒಂದಕ್ಕೊಂದು ತಾಗಿಸುವುದು, ಆಮೇಲೆ ಉಳಿದ ಪೆಟ್ಟಿಗೆಗಳು ಏನು ಮಾಡುತ್ತವೆ ಎಂದು ನೋಡುವುದು. ಇದಕ್ಕೆ ಸಂಬಳ. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾಗಿದ್ದ ಅಪ್ಪನಿಗೆ ಚೆನ್ನಾಗಿರುವುದನ್ನು ಕೆಡಿಸುವವರಿಗೂ ಸಂಬಳ ಕೊಡುತ್ತಾರೆ ಎನ್ನುವುದು ಕೊನೆಯವರೆಗೂ ನಂಬಿಕೆಯಾಗಲಿಲ್ಲ.

ಕಾರಿನೊಳಗೆ ಬ್ರೇಕಿಗೊಂದು, ಎಂಜಿನ್ನಿಗೊಂದು, ದೀಪಗಳಿಗೊಂದು, ಎದುರಿನ ಮೀಟರುಗಳಿಗೊಂದು ಎಂದು ಚಿಕ್ಕಚಿಕ್ಕ ಕಂಪ್ಯೂಟರ್ ಪೆಟ್ಟಿಗೆಗಳಿರುತ್ತವೆ. ಅವೆಲ್ಲ ಜಡೆಯ ಹಾಗೆ ಹೆಣೆದ ಎರಡೇ ತಂತಿಗಳ ಮೇಲೆ ಮಾತಾಡಿಕೊಳ್ಳುತ್ತವೆ. ನಾನು ಹುಟ್ಟಿ ಬೆಳೆದಿದ್ದು ವಠಾರದಲ್ಲಾದ್ದರಿಂದ ಇದು ಬೇಗ ತಲೆಗೆ ಹೋಯಿತು. ವಠಾರದ ಓಣಿಯಲ್ಲಿ ಒಬ್ಬರು ಕೂಗಿದ್ದು ಎಲ್ಲ ಮನೆಗೂ ಕೇಳಿಸುತ್ತದೆ. ಬೇಕಾದವರು ಓಗೊಡುತ್ತಾರೆ, ಬೇಡದವರು ತಮ್ಮ ಪಾಡಿಗೆ ಸಾರು ಕುದಿಸಿಕೊಳ್ಳುತ್ತಾರೆ. ನನ್ನನ್ನು ದಂಗುಬಡಿಸಿದ್ದು ಬೇರೆಯೇ ಸಂಗತಿ. ಒಂದು ಪೆಟ್ಟಿಗೆ ಕೆಟ್ಟು, ತಪ್ಪುತಪ್ಪಾಗಿ ಕೂಗಲು ಶುರುಮಾಡಿತು ಅನ್ನಿ. ಬೇರೆ ಯಾರೂ ಬಂದು ಅದರ ಬಾಯಿ ಮುಚ್ಚಿಸುವುದಿಲ್ಲ. ಅದೇ ತನ್ನ ತಪ್ಪುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಮಿತಿ ಮೀರಿತು ಎಂದು ಕಂಡಾಗ ತಾನಾಗಿಯೇ ಬಾಗಿಲು ಹಾಕಿಕೊಂಡು ಸುಮ್ಮನಾಗುತ್ತದೆ. ಮಿಕ್ಕವು ಅದಿಲ್ಲದೆ ಹೇಗೋ ಸಂಸಾರ ತೂಗಿಸುತ್ತವೆ, ಕಾರು ಓಡುತ್ತಲೇ ಇರುತ್ತದೆ. ಆದರೆ ಹೀಗೆ ಒಬ್ಬರು ಸುಮ್ಮನಾಗಿದ್ದಾರೆ ಎಂಬ ಸುದ್ದಿ ಓಡಿಸುವವರಿಗೆ ಮುಟ್ಟಬೇಕು. ಅದಕ್ಕೇ ಮೀಟರಿನ ಗಾಜಿನ ಹಿಂದೆ ಕಿತ್ತಳೆ ಬಣ್ಣದ ದೀಪ ಹತ್ತುವುದು. ಪೆಟ್ಟಿಗೆ ಕೆಟ್ಟರೆ ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಕೆಡುವುದು ಇದ್ದದ್ದೇ. ದೀಪ ಹತ್ತದಿದ್ದರೆ ಮಾತ್ರ ಇಡೀ ಆಫೀಸು ಕಿತ್ತಾಡುತ್ತಿತ್ತು.

ಇದನ್ನು ನಾನು ಊಟಕ್ಕೆ ಕೂತಾಗ ಮನೆಯವರಿಗೂ ಹೇಳುತ್ತಿದ್ದೆ. ಅಪ್ಪನಿಗೆ ಬಹಳ ಇಷ್ಟವಾಗಿತ್ತು. "ನಮ್ಮ ಸ್ಕೂಲಲ್ಲೂ ಹೀಗೆ ಇರ್ಬೇಕಿತ್ತು ಕಣೇ" ಅಂದಿದ್ದರು, "ಪಾಠ ಬರ್ದಿರೋ ಮೇಷ್ಟ್ರುಗಳೆಲ್ಲ ತಾವೇ ಎದ್ದು ಹೋಗೋರು." ಅಮ್ಮ ಮಜ್ಜಿಗೆ ಬಡಿಸುತ್ತಿದ್ದಳು.

ನನ್ನ ಮಾತು ಕಟ್ಟಿಕೊಂಡೇ ಅಪ್ಪ ಎಬಿಎಸ್ ಇರುವ ಕಾರು ಕೊಂಡರು. ಜಾರುವ ರಸ್ತೆಯಲ್ಲಿ ಬ್ರೇಕನ್ನು ಒದ್ದರೂ ಚಕ್ರ ಕಚ್ಚಿಕೊಂಡು ನಿಂತುಬಿಡದಂತೆ ನೋಡಿಕೊಳ್ಳುವ ಪೆಟ್ಟಿಗೆ ಅದು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅಪ್ಪ ಅದನ್ನೇ ಹೇಳಿದ್ದು. ತರಕಾರಿಯವನಿಗೂ ಹೇಳಿದರು. "ಎಷ್ಟ್ ಜೋರಾಗಾದ್ರೂ ಬ್ರೇಕ್ ಒದೀರಿ, ಜಾರಲ್ಲ. ನಮ್ಮ ಮಗಳ ಡಿಪಾರ್ಟ್‌ಮೆಂಟು."

ಅದೇ ವರ್ಷ ಅಮ್ಮ ಕಾರು ಕಲಿತಳು. ಐವತ್ತು ದಾಟಿದ ಮೇಲೆ, ಬಸವನಗುಡಿಯ ಒಂದು ಡ್ರೈವಿಂಗ್ ಸ್ಕೂಲಿಗೆ, ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು ಹೋದಳು. ನೆಂಟರಿಷ್ಟರಿಗೆ ಕಾರಿಗಿಂತ ಚೂಡಿದಾರವೇ ದೊಡ್ಡ ಆಘಾತವಾಗಿತ್ತು. ಅಪ್ಪ ಆಗ ನಕ್ಕು ಸುಮ್ಮನಾಗಿದ್ದರು. ಆದರೆ ದೀಪಾವಳಿ ಕಳೆದ ಮೇಲೆ ಒಂದು ದಿನ ಅವರಾಗಿಯೇ ಬೀಗದ ಕೈಯನ್ನು ಅಮ್ಮನ ಮುಂದಿಟ್ಟರು. ಮಂಡಿನೋವು, ಕ್ಲಚ್ ತುಳಿಯೋಕಾಗಲ್ಲ, ಇನ್ನು ಮೇಲೆ ನೀನೇ ಓಡಿಸು ಅಂದರು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದ ಮನುಷ್ಯ, ಮಂಡಿ ನೋಯದೆ ಇನ್ನೇನು ಎಂದು ನಾವೂ ಒಪ್ಪಿಕೊಂಡೆವು.

ನಮ್ಮಮ್ಮ ತನ್ನ ಮದುವೆಯಾದಂದಿನಿಂದ ಸೀರೆಯುಟ್ಟು, ಹೂ ಮುಡಿದು, ಯಾರಾದರೂ ಕರೆದುಕೊಂಡು ಹೋಗಲಿ ಎಂದು ಮೆಟ್ಟಿಲ ಮೇಲೆ ಕಾದವಳು. ಅಪ್ಪನ ಸ್ಕೂಟರಿಗೆ ಕಾದಳು, ಚಿಕ್ಕಪ್ಪನಿಗೆ ಕಾದಳು, ಬಾರದ ಆಟೋಗಳಿಗೆ ಕಾದಳು. ಆ ವರ್ಷ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊತ್ತಂಬರಿ ಸೊಪ್ಪಿಗೆಂದು ಗಾಂಧಿ ಬಜಾರಿಗೆ ಹೋಗಿಬರುವಳು, ಸುಮ್ಮನೆ ಮಾತಾಡಲು ಮಲ್ಲೇಶ್ವರದ ತನ್ನ ಅಕ್ಕನ ಮನೆಗೆ ಹೋಗುವಳು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಕ್ಲಾಸು ತೆಗೆದುಕೊಳ್ಳುವರು: ಹಾರ್ನ್ ಹೊಡಿ, ಎಡಗಡೆ ಆಟೋ ಬರ್ತಿದೆ, ಬಸ್ಸಿಗೆ ಜಾಗ ಬಿಡು. ಜೊತೆಗೆ ಒಂದು ಕಾನೂನು ಮಾಡಿದ್ದರು. "ಮೀಟರಲ್ಲಿ ಒಂದೇ ಒಂದು ಲೈಟ್ ಹತ್ತಿದ್ರೂ ಅವತ್ತೇ ಬೀಗದ ಕೈ ನನ್ನ ಜೇಬಿಗೆ. ಕಾರು ಕೆಡಿಸ್ಕೊಂಡು ರಸ್ತೇಲಿ ನಿಲ್ಲೋ ಹಾಗಿಲ್ಲ." ಹೆಡ್‌ಮಾಸ್ಟರು ಮಾತು ಕೊಟ್ಟ ಮೇಲೆ ಹಿಂದೆಗೆಯುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮರುವರ್ಷದ ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆಯುವ ಪಾಳಿ ನನ್ನದಾಗಿತ್ತು. ಹೊರಗೆಲ್ಲ ತೊಳೆದು, ಗೇಟಿನ ಹತ್ತಿರಕ್ಕೆ ತರಲೆಂದು ಸ್ಟಾರ್ಟ್ ಮಾಡಿ ಮುಂದೆ ತಂದು, ಎಂಜಿನ್ ಆರಿಸದೆಯೇ ಒದ್ದೆ ಬಟ್ಟೆಯಲ್ಲಿ ಮೀಟರಿನ ಗಾಜು ಒರೆಸಿದೆ. ಗಾಜಿನ ಮೇಲೆ ಅಮ್ಮನ ಬೊಟ್ಟೊಂದು ಅಂಟಿಕೊಂಡಿತ್ತು. ಅದು ಅಲ್ಲಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ನಮ್ಮ ಮನೆಯ ಬಚ್ಚಲ ಕನ್ನಡಿ, ಬೀರುವಿನ ಕನ್ನಡಿ, ಫ್ರಿಜ್ಜಿನ ಪಕ್ಕ, ಎಲ್ಲ ಕಡೆಯೂ ಅವಳ ಕಂದು ಬಣ್ಣದ ವೆಲ್ವೆಟ್ ಬೊಟ್ಟುಗಳೇ. ಮುಖ ತೊಳೆಯುವಾಗ ತೆಗೆದು ಎಲ್ಲಿ ಕೈ ಹೋದರೆ ಅಲ್ಲಿ ಅಂಟಿಸುವುದು ಅವಳ ಅಭ್ಯಾಸ. ಕಾರಿಗೂ ಒಂದು ಬಿತ್ತು ಎಂದು ಹಿಂದಿನ ಸೀಟಿನಲ್ಲಿ ಕೂತು ನಕ್ಕಿದ್ದೆ. ಹಬ್ಬದ ದಿನ ಹಳೇ ಬೊಟ್ಟು ಯಾಕೆಂದು ಉಗುರಿನಲ್ಲಿ ಎಬ್ಬಿಸಿದೆ.

ಅದರ ಹಿಂದೆ ಕಿತ್ತಳೆ ದೀಪ ಉರಿಯುತ್ತಿತ್ತು.

ಬಟ್ಟೆ ಕೈಯಲ್ಲೇ ಇತ್ತು. ಮಿಕ್ಕ ದೀಪಗಳೆಲ್ಲ ಆರಿಹೋಗಿ ಇದೊಂದು ಮಾತ್ರ, ಮೂರು ಅಕ್ಷರ ತೋರಿಸುತ್ತ, ಉರಿಯುತ್ತಲೇ ಇತ್ತು. ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಮತ್ತೆ ಅದೇ. ದಿನವಿಡೀ ಆಫೀಸಿನಲ್ಲಿ ಯಾವ ದೀಪ ಹತ್ತದಿದ್ದರೆ ಜಗಳವಾಡುತ್ತಿದ್ದೆನೋ ಆ ದೀಪ ನಮ್ಮನೆ ಕಾರಿನಲ್ಲಿ ಸರಿಯಾಗಿ, ಚಾಚೂ ತಪ್ಪದೆ ಹತ್ತಿತ್ತು. ಅದರ ಮೇಲೆ ನಮ್ಮಮ್ಮ ಬೊಟ್ಟು ಇಟ್ಟಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ದೀಪದ ಮುಖಕ್ಕೇ ಕತ್ತಲೆ ಅಂಟಿಸಿದ್ದರು.

ಅಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಹೊರಗೆ ಬಂದವಳು ನನ್ನ ಬೆರಳ ತುದಿಯಲ್ಲಿದ್ದ ಬೊಟ್ಟು ನೋಡಿ ನಿಂತಳು. ಅವಳ ಮುಖ ಹೇಗಾಗುತ್ತದೋ ಎಂದು ನೋಡಿದೆ. ಏನೂ ಆಗಲಿಲ್ಲ.

"ವಾಪಸ್ ಅಂಟಿಸ್ಬಿಡು" ಅಂದಳು.

"ಎಷ್ಟು ದಿನದಿಂದಮ್ಮಾ?"

"ಶಿವರಾತ್ರಿಯಿಂದ."

ನಾನು ಹೌಹಾರಿದೆ. ಶಿವರಾತ್ರಿ ಕಳೆದು ಯುಗಾದಿ ಬಂದು, ಮಳೆಗಾಲವಿಡೀ ಮುಗಿದು, ಗೌರಿ ಗಣೇಶ ಆಗಿ ಈಗ ನವರಾತ್ರಿ. ಅಷ್ಟೂ ದಿನ ಇವಳು ಆ ಪೆಟ್ಟಿಗೆ ಇಲ್ಲದ ಕಾರಿನಲ್ಲಿ, ಪಕ್ಕದಲ್ಲಿ ಅಪ್ಪನನ್ನು, ಹಿಂದೆ ನನ್ನನ್ನು ಕೂರಿಸಿಕೊಂಡು ಮಲ್ಲೇಶ್ವರದ ಇಳಿಜಾರುಗಳಲ್ಲಿ ಓಡಾಡಿದ್ದಳು. ಗ್ಯಾರೇಜಿನಲ್ಲಿ ಕೇಳಿದ್ದಳಂತೆ. ಅವರು, ಬ್ರೇಕ್ ಇರತ್ತೆ ಮೇಡಂ, ಎಬಿಎಸ್ ಮಾತ್ರ ಇರಲ್ಲ, ಕಾರಿನ ಕಂಪನಿ ಸರ್ವೀಸ್‌ನಲ್ಲೇ ಬಿಟ್ಟು ಪೆಟ್ಟಿಗೆ ತರಿಸಬೇಕು, ಕಾರು ಕೆಲವು ವಾರ ಅಲ್ಲೇ ಇರಬೇಕಾಗತ್ತೆ ಅಂದಿದ್ದರಂತೆ. ಕಾರು ಅಲ್ಲಿ ನಿಂತರೆ ಅಪ್ಪನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಬೀಗದ ಕೈ ಹೋಗುತ್ತದೆ.

"ನನಗಾದ್ರೂ ಹೇಳ್ಬಾರ್ದಿತ್ತಾ? ಅದೇ ಕೆಲಸ ಅಲ್ವೇನಮ್ಮಾ ನನ್ನದು?"

"ನೀನು ಅಪ್ಪನ ಮಗಳು. ನಿನ್ನ ಹೊಟ್ಟೇಲಿ ಮಾತು ನಿಲ್ಲತ್ತಾ?"

ಒದ್ದೆ ರಸ್ತೆಯಲ್ಲಿ ಒದ್ದು ಬ್ರೇಕ್ ಹಾಕಿದರೆ ಏನಾಗುತ್ತದೆ ಎಂದು ನಾನು ಅಲ್ಲೇ ಬಿಡಿಸಿ ಹೇಳಿದೆ. ಅವಳು ಕಾರಿನ ಬಾನೆಟ್ಟಿಗೆ ಅರಿಶಿನ ಹಚ್ಚುತ್ತ ಕೇಳಿಸಿಕೊಂಡಳು. "ಅದಕ್ಕೇ ನಾನು ಒದೆಯೋದೇ ಇಲ್ಲ" ಅಂದಳು. "ದೂರದಿಂದ್ಲೇ ನಿಧಾನ ಮಾಡ್ಕೊಂಡ್ ಬರ್ತೀನಿ. ಶಿವರಾತ್ರಿಯಿಂದ ಒಂದ್ಸಲಾನೂ ಒದ್ದಿಲ್ಲ. ನಿಮ್ಮಪ್ಪ ಬೈತಿರ್ತಾರಲ್ಲ, ಎತ್ತಿನ ಗಾಡಿ ಓಡಿಸಿದ ಹಾಗೆ ಓಡಿಸ್ತೀಯ ಅಂತ, ಅದು ಇದಕ್ಕೇ." ಆಮೇಲೆ ನನ್ನ ಕಡೆ ತಿರುಗಿ, "ಈ ಬೀಗದ ಕೈ ಹೋದ್ರೆ ನಾನು ಮತ್ತೆ ಮೆಟ್ಟಿಲ ಮೇಲೆ ಕೂರ್ಬೇಕು ಕಣೇ. ನಿಂಗೆ ಅದು ಗೊತ್ತಾಗಲ್ಲ" ಅಂದಳು.

ಹಬ್ಬ ಮುಗಿಯಲಿ, ನಾನೇ ಏನಾದರೂ ನೆಪ ಹೇಳಿ ಕಾರನ್ನು ರಿಪೇರಿಗೆ ಬಿಡುತ್ತೇನೆ, ಅಲ್ಲಿಯವರೆಗೆ ಗೇಟು ದಾಟಿಸುವ ಹಾಗಿಲ್ಲ ಅಂದೆ. ಅವಳು ಒಪ್ಪಿದಳು. ನಾನು ಬೊಟ್ಟನ್ನು ಮತ್ತೆ ಗಾಜಿಗೆ ಅಂಟಿಸಿದೆ. ಆ ಗಳಿಗೆಯಲ್ಲಿ ಇನ್ನೊಂದು ಸಂಗತಿಯೂ ಆಶ್ಚರ್ಯವೆನ್ನಿಸಿತು. ಸಾರಿಗೆ ಒಂದು ಕಾಳು ಉಪ್ಪು ಹೆಚ್ಚಾದರೆ ಮೂರು ಹೊತ್ತು ಆಡಿಕೊಳ್ಳುವ ಅಪ್ಪ, ಮೀಟರಿನ ಮೇಲೆ ಬೊಟ್ಟು ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲವಲ್ಲ. "ಆ ಗಣಪತಿಯೇ ಕಾಪಾಡ್ದ" ಅಂದಳು ಅಮ್ಮ.

ಅಷ್ಟರಲ್ಲಿ ಚಿಕ್ಕಪ್ಪ ಸ್ಕೂಟರಿನಲ್ಲಿ ಬಂದರು. ಅಪ್ಪನ ಒಬ್ಬನೇ ತಮ್ಮ, ಶ್ರೀರಾಂಪುರದಲ್ಲಿ ಮನೆ. ಪ್ರತಿವರ್ಷ ತಮ್ಮ ಸ್ಕೂಟರಿಗೂ ನಮ್ಮನೆ ಪೂಜೆಯಲ್ಲೇ ಮಂಗಳಾರತಿ ಮಾಡಿಸಿಕೊಂಡು, ಒಬ್ಬಟ್ಟು ತಿಂದು, ಅಣ್ಣನನ್ನು ಒಂದಿಷ್ಟು ಕೆಣಕಿ ಹೋಗುವುದು ಅವರ ಪದ್ಧತಿ. ಬಂದವರೇ ಷೂ ಒರೆಸಿಕೊಳ್ಳುತ್ತ, "ಏನ್ ಜಾರತ್ತೆ ಮಾರಾಯ್ರೆ ರೋಡು, ಎರಡು ಕಡೆ ಬೀಳೋ ಹಾಗಾಯ್ತು" ಅಂದರು. ನಮ್ಮ ಬೀದಿಯಲ್ಲಿ ಪ್ರೆಸ್ಸುಗಳು, ಗ್ಯಾರೇಜುಗಳು, ಸಾಮಿಲ್ಲು ಎಲ್ಲ ಇದ್ದವು. ಆಯುಧಪೂಜೆ ಎಂದರೆ ಬಾಗಿಲು ಬಾಗಿಲಿಗೂ ಬೂದುಗುಂಬಳಕಾಯಿ ಒಡೆದು, ಅದರ ತಿರುಳು ರಸ್ತೆಯ ಉದ್ದಕ್ಕೂ ಹರಡಿ, ಮೇಲೆ ಕುಂಕುಮದ ನೀರು. ಪ್ರತಿವರ್ಷ ಯಾರಾದರೊಬ್ಬರು ಬಿದ್ದು ಕೈ ಮುರಿದುಕೊಳ್ಳುತ್ತಾರೆ, ಮರುವರ್ಷ ಮತ್ತೆ ಒಡೆಯುತ್ತಾರೆ. ಯಾರಿಗೂ ಬುದ್ಧಿ ಬರುವುದಿಲ್ಲ.

ಪೂಜೆಯಾಯಿತು. ಅಪ್ಪ ನಾಲ್ಕು ಚಕ್ರದಡಿ ನಿಂಬೆಹಣ್ಣು ಇಡಿಸಿದರು, ಗೇಟಿನ ಮುಂದೆ ಕುಂಬಳಕಾಯಿ ಒಡೆದರು. ಆಮೇಲೆ ಮನೆಯ ಯಜಮಾನ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿ, ಬಸವನಗುಡಿಯ ಗಣಪತಿ ದೇವಸ್ಥಾನದವರೆಗೆ ಹೋಗಿಬರಬೇಕು, ಅದು ನಮ್ಮನೆಯ ಶಾಸ್ತ್ರ. ಗೇಟು ದಾಟಿಸುವುದಿಲ್ಲ ಎಂದು ಒಪ್ಪಂದ ಮಾಡಿಕೊಳ್ಳುವಾಗ ನಮಗಿಬ್ಬರಿಗೂ ಈ ಶಾಸ್ತ್ರ ನೆನಪಾಗಿರಲಿಲ್ಲ. ಅಪ್ಪ ಕಾರು ಓಡಿಸುವುದು ಬಿಟ್ಟ ಮೇಲೆ ಬಂದ ಮೊದಲ ಆಯುಧಪೂಜೆ ಅದು. ಅವರು ಪೂಜೆಗಿಟ್ಟಿದ್ದ ಬೀಗದ ಕೈಯನ್ನು ಅಮ್ಮನ ಕಡೆಗೆ ಚಾಚಿದರು. ಚಿಕ್ಕಪ್ಪ ಬಿಡಬೇಕಲ್ಲ.

"ಏನಣ್ಣ, ವರ್ಷಕ್ಕೊಂದಿನಾನೂ ಆಗಲ್ವಾ? ಅತ್ತಿಗೆ ಕೈಗೆ ಎಲ್ಲಾ ಕೊಟ್ಬಿಟ್ಯಾ?"

ಅಪ್ಪನ ಕೈ ಹಿಂದೆ ಹೋಯಿತು. ಹೋಗಿ ಡ್ರೈವರ್ ಸೀಟಿನಲ್ಲಿ ಕೂತು, ಸೀಟು ಹಿಂದಕ್ಕೆ ಸರಿಸಿ, ಸ್ಟಾರ್ಟ್ ಮಾಡಿದರು.

ನಾನು ಅಮ್ಮನ ಮುಖ ನೋಡಿದೆ. ಬ್ರೇಕನ್ನು ಒದೆಯುವ ಮನುಷ್ಯ ಅವರು. ಒದ್ದರೂ ಜಾರಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು. ಎದುರಿಗೆ ಬೀದಿಯುದ್ದಕ್ಕೂ ಕುಂಬಳಕಾಯಿ, ಹಬ್ಬದ ಜನ, ಹೂ ಕಟ್ಟಿದ ಸೈಕಲ್ಲುಗಳು. ಹೇಳಬೇಕೆಂದು ಬಾಯಿ ತೆರೆದೆ, ಹೇಳಿದರೆ ಅಮ್ಮನ ಗತಿ ಏನು ಎಂದು ಅಲ್ಲೇ ತಡೆಯಿತು. ಅಷ್ಟರಲ್ಲಿ ಅಮ್ಮ ಕಾರಿನ ಹತ್ತಿರ ಹೋಗಿದ್ದಳು. ಕಿಟಕಿಯೊಳಗೆ ಕೈ ಹಾಕಿ, ಅಪ್ಪನ ಎದೆಯ ಮುಂದಿನಿಂದ ತೋಳು ಚಾಚಿ, ಬೊಟ್ಟನ್ನು ಕಿತ್ತು ತೆಗೆದಳು. ತನ್ನ ಕೈಯಿಂದಲೇ.

"ನೀವು ಓಡಿಸ್ಬೇಡಿ. ಇಲ್ನೋಡಿ" ಅಂದಳು.

ಅಪ್ಪ ತಲೆ ಬಗ್ಗಿಸಿದರು. ಕಿತ್ತಳೆ ದೀಪ ಅವರ ಮುಖದ ಮುಂದೆಯೇ ಉರಿಯುತ್ತಿತ್ತು. ಕಿಟಕಿಯಾಚೆ ನಿಂತಿದ್ದ ನನಗೆ ಕಾಣುತ್ತಿತ್ತು, ಚಿಕ್ಕಪ್ಪನಿಗೂ ಕಾಣುತ್ತಿತ್ತು.

"ಏನ್ ನೋಡ್ಬೇಕು?"

"ಲೈಟ್ ಹತ್ತಿದೆ."

"ಯಾವ ಲೈಟು? ಒಂದೂ ಇಲ್ವಲ್ಲ."

ಚಿಕ್ಕಪ್ಪನ ಎದುರಿಗೆ ಬಗ್ಗಬಾರದೆಂದು ಕಾಣದವರ ಹಾಗೆ ನಾಟಕ ಆಡುತ್ತಿದ್ದಾರೆ ಎಂದು ಮೊದಲು ಅನ್ನಿಸಿತು. ಆಮೇಲೆ ನೋಡಿದೆ. ಅವರು ದೀಪವನ್ನು ನೇರವಾಗಿ ನೋಡುತ್ತಿರಲಿಲ್ಲ. ಕೋಳಿ ನೋಡುವ ಹಾಗೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣಿನ ಅಂಚಿನಿಂದ ಹುಡುಕುತ್ತಿದ್ದರು. ಒಂದು ಕೈ ಗಾಜಿನ ಮೇಲೆ ಮೆಲ್ಲಗೆ ಸವರುತ್ತಿತ್ತು. ದೀಪ ಬೆರಳ ಕೆಳಗೇ ಇತ್ತು. ಬೆರಳು ಅದನ್ನು ದಾಟಿ ಹೋಯಿತು, ಮತ್ತೆ ದಾಟಿ ವಾಪಸ್ಸು ಬಂತು.

ಚಿಕ್ಕಪ್ಪನ ನಗು ನಿಂತಿತ್ತು. ನನಗೆ ಒಂದೇ ಸಮನೆ ಏನೇನೋ ನೆನಪಾಯಿತು. ಪೇಪರಿನಲ್ಲಿ ಓದೋಕೆ ಏನಿದೆ ಈಗ ಎಂದು ಅಮ್ಮನ ಕೈಲಿ ಹೆಡ್‌ಲೈನ್ ಓದಿಸುತ್ತಿದ್ದದ್ದು. ಫೋನಿನ ನಂಬರು ಒತ್ತಿಕೊಡು ಅನ್ನುತ್ತಿದ್ದದ್ದು. ಎಡಗಡೆ ಆಟೋ ಬರ್ತಿದೆ ಎಂದು ಅಷ್ಟು ಸರಿಯಾಗಿ ಹೇಳುತ್ತಿದ್ದರಲ್ಲ, ಅದು ಆಟೋ ಸದ್ದು ಕೇಳಿ. ಮಂಡಿಗೆ ಏನೂ ಆಗಿರಲಿಲ್ಲ. ವೈರು ಕಿತ್ತು ಯಾವುದು ಸುಮ್ಮನಾಯಿತು ಎಂದು ಹುಡುಕುವವಳು ನಾನು, ದಿನಾ ಅವರ ಎದುರಿಗೇ ಕೂತು ಉಂಡಿದ್ದೆ, ನನಗೇ ತಿಳಿಯಲಿಲ್ಲ. ಅಮ್ಮ ಅಷ್ಟು ತಿಂಗಳು ಜೀವ ಹಿಡಿದುಕೊಂಡು ದೀಪ ಮುಚ್ಚಿದ್ದು ದೀಪ ಕಾಣದವರಿಂದ.

ಅಮ್ಮ ಬಗ್ಗಿ ಎಂಜಿನ್ ಆರಿಸಿದಳು. "ಇಳೀರಿ" ಅಂದಳು, ಮೆತ್ತಗೆ.

ಅಪ್ಪ ಇಳಿದರು. ಕಾರಿನ ಮೇಲೆ ಕೈಯೂರಿಕೊಂಡು ನಿಂತರು. ಕೈಗೆ ಅರಿಶಿನ ಮೆತ್ತಿಕೊಂಡಿದ್ದು ಅವರಿಗೆ ಗೊತ್ತಾಗಿರಲಿಲ್ಲ.

"ಎಷ್ಟು ದಿನದಿಂದ ಇದೆ ಅದು?"

"ಶಿವರಾತ್ರಿಯಿಂದ" ಅಂದಳು ಅಮ್ಮ.

"ನಂದು ಅದಕ್ಕೂ ಮುಂಚಿಂದ."

ಹಬ್ಬ ಕಳೆದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿತ್ತು. ಇರುವುದನ್ನು ಉಳಿಸಬಹುದು, ಹೋದದ್ದು ಬರುವುದಿಲ್ಲ, ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರು. ಹೊರಗೆ ಬಂದ ಮೇಲೆ ಅಪ್ಪ ನನಗೆ ಹೇಳಿದರು: ನಡುವೆ ಹೊಗೆ ಕವಿದ ಹಾಗಿರುತ್ತದೆ, ಸುತ್ತ ಕಾಣುತ್ತದೆ, ಯಾರಿಗಾದರೂ ಹಾಯಿಸಿಬಿಟ್ಟೇನು ಎಂದು ಹೆದರಿ ಕಾರು ಓಡಿಸುವುದು ಬಿಟ್ಟೆ. ಮತ್ತೆ ಅವತ್ತು ಯಾಕೆ ಕೂತಿರಿ ಅಂದೆ. "ತಮ್ಮನ ಎದುರಿಗೆ ಕಣ್ಣು ಕಾಣಲ್ಲ ಅನ್ನೋದಕ್ಕಿಂತ ಓಡಿಸೋದೇ ಸುಲಭ ಅನ್ನಿಸ್ತು." ಇಂಥ ಮನುಷ್ಯರನ್ನು ಯಾವ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡುವುದು!

ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಗೇಟಿನ ಹತ್ತಿರ ಎಲ್ಲರೂ ಕಂಬದ ಹಾಗೆ ನಿಂತಿದ್ದಾಗ, ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರೈವರ್ ಸೀಟಿನಲ್ಲಿ ಕೂತು, ಸೀಟನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಶಾಸ್ತ್ರ ಬಿಡುವ ಹಾಗಿಲ್ಲ, ನಿಧಾನವಾಗಿ ಹೋಗೋಣ ಅಂದಳು. ನಾನು ಬೇಡವೆನ್ನಲಿಲ್ಲ, ಆ ರಸ್ತೆಯಲ್ಲಿ ಆ ಕಾರನ್ನು ಓಡಿಸಲು ಅವಳಿಗಿಂತ ಅಭ್ಯಾಸವಾದವರು ಯಾರೂ ಇರಲಿಲ್ಲ. ಅಪ್ಪ ಎಡಗಡೆಗೆ ಸುತ್ತಿ ಹೋಗಿ ಬಾಗಿಲಿನ ಹಿಡಿಗಾಗಿ ತಡಕಾಡಿದರು. ಅವರು ಒಂದು ವರ್ಷದಿಂದ ಹಾಗೆ ತಡಕಾಡುತ್ತಿದ್ದರು, ನಾವು ಅದನ್ನೂ ಮಂಡಿನೋವಿನ ಲೆಕ್ಕಕ್ಕೇ ಹಾಕಿದ್ದೆವು. ಚಿಕ್ಕಪ್ಪ ಓಡಿಹೋಗಿ ಬಾಗಿಲು ತೆಗೆದು ಕೂರಿಸಿದರು. ನಾನು ಹಿಂದೆ ಕೂತೆ.

ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಕಾರು ಬೀದಿಗಿಳಿಯಿತು. ಎಂದಿನಂತೆ ಹಾರ್ನ್ ಹೊಡಿ ಅನ್ನುತ್ತಾರೇನೋ ಎಂದು ಕಾದೆ. ಪ್ರೆಸ್ಸಿನ ತಿರುವಿನಲ್ಲಿ ಅಪ್ಪ ಕೇಳಿಸದಷ್ಟು ಸಣ್ಣ ಧ್ವನಿಯಲ್ಲಿ ಕೇಳಿದರು:

"ಮುಂದೆ ಏನಿದೆ?"

ಅಮ್ಮ ಅವರ ಕಡೆ ತಿರುಗಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು, ಕೆನ್ನೆ ಒದ್ದೆಯಾಗಿತ್ತು. "ಒಂದು ಲಾರಿ ನಿಂತಿದೆ, ಬಾಳೆಕಂದು ಕಟ್ಟಿದಾರೆ" ಅಂದಳು. "ಬಲಗಡೆ ಒಬ್ರು ಅಜ್ಜಿ ದಾಟ್ತಿದಾರೆ, ನಿಲ್ಲಿಸ್ತೀನಿ. ಹೋದ್ರು. ಮುಂದೆ ಕುಂಬಳಕಾಯಿ ಬಿದ್ದಿದೆ, ಪಕ್ಕದಲ್ಲಿ ತಗೋತೀನಿ."

"ಹೂಂ" ಅಂದರು ಅಪ್ಪ.

ದೇವಸ್ಥಾನ ಬರುವವರೆಗೂ ಅವಳು ಹೇಳುತ್ತಲೇ ಹೋದಳು, ಅವರು ಹೂಂಗುಟ್ಟುತ್ತಲೇ ಹೋದರು.